ಅಂಗೈಯಲ್ಲಿ ಆರಿದ ಸ್ಕಾಚ್

ಮೂವತ್ತೈದನೆಯ ವಯಸ್ಸಿಗೇ ನಿವೃತ್ತಿಯ ಶಾಲು ಹೊದಿಸಿಕೊಂಡವರು, ಕ್ರಿಕೆಟ್ ಆಡುವವರನ್ನು ಬಿಟ್ಟರೆ, ನಮ್ಮ ಕಡೆ ನಾನೊಬ್ಬಳೇ ಇರಬೇಕು. ನಾನು ಬರೆದುಕೊಟ್ಟಿದ್ದು ರಾಜೀನಾಮೆ. ಮ್ಯಾನೇಜರಿಗೆ ಆ ಪದ ಹಿಡಿಸಲಿಲ್ಲ. ಬೀಳ್ಕೊಡುಗೆಯ ಭಾಷಣದಲ್ಲಿ ‘ಸ್ವಯಂ ನಿವೃತ್ತಿ’ ಎಂದರು, ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಹಾಗಾಗಿ ನಾನು ನಿವೃತ್ತಳು. ನಿವೃತ್ತರಿಗೆ ಅನುಭವ ಬರೆಯುವ ಹಕ್ಕು ತಾನಾಗಿಯೇ ಬರುತ್ತದೆ. ಗಡಿಯಾರ ನಡೆಯುತ್ತಿಲ್ಲ, ಹಕ್ಕನ್ನಾದರೂ ಬಳಸಿಕೊಳ್ಳುತ್ತೇನೆ.

ನನ್ನ ಜಾಗಕ್ಕೆ ಆಯ್ಕೆಯಾಗಿರುವ ಹುಡುಗಿ ಹೋದ ವಾರ ಫೋನ್ ಮಾಡಿ, “ಮೇಡಂ, ಕೆಲಸ ಹೆಂಗಿರುತ್ತೆ?” ಎಂದು ಕೇಳಿದಳು. “ಚೆನ್ನಾಗಿರುತ್ತೆ” ಎಂದೆ. ಅದು ಸುಳ್ಳಲ್ಲ, ಆದರೆ ಫೋನಿನಲ್ಲಿ ಹೇಳಿ ಮುಗಿಯುವಂಥದ್ದೂ ಅಲ್ಲ. ಉಳಿದದ್ದು ಇಲ್ಲಿದೆ.

ಮೊದಲನೆಯದಾಗಿ, ಮನೆಯಲ್ಲಿ ಏನು ಹೇಳಬೇಕೆಂದು ಸೇರುವ ಮುಂಚೆಯೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು. ನಾನು ಚಿಂತಾಮಣಿಯವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಕುಡಿಯುವವರ ಮನೆಯ ಮದುವೆಗೆ ಹೋದರೂ ಊಟ ಮಾಡದೆ ಬರುತ್ತೇವೆ. ಅಂಥ ಮನೆಯಿಂದ ಹೊರಟು ನಾನು ಸೇರಿದ್ದು, ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿರುವ ಒಂದು ಗೋದಾಮಿಗೆ. ಸ್ಕಾಟ್ಲೆಂಡಿನ ಬಹಳ ಹಳೆಯ ಒಂದು ಡಿಸ್ಟಿಲರಿಯಲ್ಲಿ ತಯಾರಾಗಿ, ಅಲ್ಲೇ ಬಾಟಲಿಗೆ ತುಂಬಿಸಿಕೊಂಡು, ಹಡಗು ಹತ್ತಿ ಬರುವ ಸಿಂಗಲ್ ಮಾಲ್ಟ್ ವಿಸ್ಕಿ ಆ ಗೋದಾಮಿನಲ್ಲಿ ಇಳಿಯುತ್ತದೆ. ನಾವು ಅದಕ್ಕೆ ಇಲ್ಲಿಯ ಚೀಟಿ ಅಂಟಿಸಿ, ಪೆಟ್ಟಿಗೆಗೊಂದರಂತೆ ಮಾದರಿ ತೆಗೆದು ಪರೀಕ್ಷಿಸಿ ಅಂಗಡಿಗಳಿಗೆ ಕಳಿಸುತ್ತೇವೆ. ದೂರು ಬಂದ ಬಾಟಲಿಗಳನ್ನೂ ಪರೀಕ್ಷಿಸುತ್ತೇವೆ. ನಾನು ಗುಣಮಟ್ಟ ಅಧಿಕಾರಿ. ಮನೆಯಲ್ಲಿ ‘ಆಮದು ಆಹಾರದ ಗುಣಮಟ್ಟ’ ಎಂದು ಹೇಳಿದ್ದೆ. ಒಂಬತ್ತು ವರ್ಷ ನಮ್ಮಮ್ಮ ನಾನು ಖರ್ಜೂರ ಪರೀಕ್ಷಿಸುತ್ತೇನೆಂದು ನಂಬಿದ್ದರು. ಅಥವಾ ನಂಬಿದಂತೆ ಇದ್ದರು. ನಮ್ಮ ಮನೆಯಲ್ಲಿ ಇವೆರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ನನ್ನ ಮೊದಲ ಮತ್ತು ಕೊನೆಯ ಮೇಲಧಿಕಾರಿ ಮ್ಯಾನೇಜರ್ ಜಯಸಿಂಹ. ಅವರು ಸ್ಕಾಟ್ಲೆಂಡಿನಲ್ಲಿ ನಾಲ್ಕು ದಿನ ಇದ್ದು ಬಂದವರು. ಆ ನಾಲ್ಕು ದಿನ ಅವರ ಮಟ್ಟಿಗೆ ಇನ್ನೂ ಮುಗಿದಿರಲಿಲ್ಲ. ಲಾರಿ ತಡವಾದರೂ, ಕಾಫಿಗೆ ಸಕ್ಕರೆ ಕಡಿಮೆಯಾದರೂ, “ನಾನು ಸ್ಕಾಟ್ಲೆಂಡಲ್ಲಿದ್ದಾಗ ನೋಡಮ್ಮ...” ಎಂದು ಶುರುವಾಗುತ್ತಿತ್ತು. ಸಿಂಗಲ್ ಮಾಲ್ಟ್ ಎಂದರೇನು ಎಂದು ಸೇರಿದ ದಿನ ನನಗೆ ಅವರು ಮುಕ್ಕಾಲು ಗಂಟೆ ವಿವರಿಸಿದರು. ಒಂದೇ ಡಿಸ್ಟಿಲರಿಯದು, ಮೊಳಕೆ ಬರಿಸಿದ ಬಾರ್ಲಿಯದು ಮಾತ್ರ, ಬೇರೆ ಧಾನ್ಯದ ಸೋಂಕಿಲ್ಲ, ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ನಡುವೆ ಎರಡು ಸಲ ಕಣ್ಣು ಮುಚ್ಚಿಕೊಂಡರು.

ಅದೇ ಮಧ್ಯಾಹ್ನ ಮಾದರಿ ಕೋಣೆಯಲ್ಲಿ ಗಾಜಿನ ಲೋಟ ತೊಳೆಯುತ್ತಿದ್ದ ಹೆಂಗಸು ಅದನ್ನೇ ಒಂದು ವಾಕ್ಯದಲ್ಲಿ ಮುಗಿಸಿದರು. “ಮಕ್ಳಿಗೆ ರಾಗಿ ಮೊಳ್ಕೆ ಕಟ್ಟಿ, ಒಣಗ್ಸಿ, ಹುರಿದು ಸರಿಹಿಟ್ಟು ಮಾಡ್ತೀವಲ್ಲ ಮೇಡಮ್ಮಾ, ಅದೇ ಇದು. ಅವ್ರು ದೊಡ್ಡೋರಿಗೆ ಮಾಡ್ತಾರೆ, ಅಷ್ಟೇಯ.”

ಆಕೆ ಲಕ್ಷ್ಮೀದೇವಮ್ಮ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹದಿನಾಲ್ಕನೆಯ ವಯಸ್ಸಿನಿಂದ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನ ಬೇಸಿನ್ನಿನ ಮುಂದೆ ಕೂತಿದ್ದವರು. ಬೆರಳ ತುದಿಗಳು ಬೆಂದು ಬೆಂದು ನುಣ್ಣಗಾಗಿದ್ದವು. ಆಧಾರ್ ಯಂತ್ರಕ್ಕೆ ಬೆರಳಚ್ಚು ಕೊಡಲು ಹೋದರೆ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲವಂತೆ. ಬೆರಳಲ್ಲಿ ಕಳೆದುಕೊಂಡಿದ್ದು ಅವರ ಮೂಗಿಗೆ ಬಂದಿತ್ತು. ಬೇಯುತ್ತಿರುವ ಗೂಡು ಎಷ್ಟು ಹಳೆಯದು, ಒಳಗಿನ ಹುಳು ಕೆಟ್ಟಿದೆಯೇ, ನೀರು ಬದಲಿಸಬೇಕೇ ಎಂಬುದನ್ನು ಹಬೆಯಲ್ಲೇ ಹೇಳುತ್ತಿದ್ದರಂತೆ. ಗೋದಾಮಿನಲ್ಲಿ ಅವರು ಗುತ್ತಿಗೆಯ ಸಹಾಯಕಿ. ಲೋಟ ತೊಳೆಯುವುದು, ನೆಲ ಒರೆಸುವುದು ಅವರ ಕೆಲಸ. ಮೂಗಿನ ವಿಚಾರ ಗುತ್ತಿಗೆಯಲ್ಲಿರಲಿಲ್ಲ.

ಎರಡನೆಯ ತಿಂಗಳು ನಮಗೆಲ್ಲ ರುಚಿ ನೋಡುವ ತರಬೇತಿ ನಡೆಯಿತು. ಡಿಸ್ಟಿಲರಿಯಿಂದ ಇಯಾನ್ ಎಂಬ ತಜ್ಞರು ಬಂದರು. ವರ್ಷಕ್ಕೊಮ್ಮೆ ಬಂದು ನಮ್ಮ ಕೆಲಸ ತಪಾಸಣೆ ಮಾಡಿ ಹೋಗುತ್ತಿದ್ದವರು ಅವರೇ. ಟುಲಿಪ್ ಹೂವಿನ ಆಕಾರದ ಪುಟ್ಟ ಲೋಟಗಳನ್ನು ಸಾಲಾಗಿ ಇಟ್ಟರು. ಮೂಗನ್ನು ಲೋಟದೊಳಗೆ ಇಳಿಸಬೇಕು, ನಿಧಾನವಾಗಿ ಉಸಿರೆಳೆಯಬೇಕು, ಒಂದು ಹನಿ ನಾಲಗೆಗೆ ಮುಟ್ಟಿಸಿ ಉಗುಳಬೇಕು ಎಂದು ತೋರಿಸಿದರು. ಆಮೇಲೆ ನಮ್ಮವರ ಸರದಿ. ಉಗ್ರಾಣದವರು, ಲೆಕ್ಕದವರು, ಡ್ರೈವರು, ಒಟ್ಟು ಆರು ಜನ ಎದ್ದುನಿಂತರು. ಆರೂ ಜನ ಲೋಟವನ್ನು ತುಟಿಗೆ ತಾಗಿಸದೆ ಒಂದು ಗೇಣು ಮೇಲೆತ್ತಿ, ತಲೆ ಹಿಂದಕ್ಕೆ ಮಾಡಿ, ಗಟಗಟ ಸುರಿದುಕೊಂಡರು. ಎಂಜಲು ಮಾಡಬಾರದೆಂದು ಚಿಕ್ಕಂದಿನಲ್ಲಿ ಕಲಿತ ಕೈ ಅದು, ತಾನಾಗಿಯೇ ಮೇಲೇಳುತ್ತದೆ. ಮೂಗಿಗೂ ಲೋಟಕ್ಕೂ ಭೇಟಿಯೇ ಆಗಲಿಲ್ಲ. ಉಗುಳುವ ಪ್ರಶ್ನೆಯೂ ಬರಲಿಲ್ಲ. ಅಷ್ಟು ಬೆಲೆಯದನ್ನು, ಅದೂ ನಾಲ್ಕು ಜನರ ಮುಂದೆ ಉಗುಳುವುದು ಮರ್ಯಾದೆಯೇ?

ಇಯಾನ್ ಆಮೇಲೆ ವಾಸನೆಗಳ ಪಟ್ಟಿ ಹಂಚಿದರು. ಹೆದರ್ ಹೂವು, ಒದ್ದೆ ಕುರಿಯುಣ್ಣೆ, ಹೊಗೆಯಾಡಿಸಿದ ಮೀನು, ಕ್ರಿಸ್‌ಮಸ್ ಕಡುಬು. ಗೊತ್ತಿದ್ದದ್ದಕ್ಕೆ ಗುರುತು ಹಾಕಬೇಕಿತ್ತು. ನಮ್ಮವರು ಒಂದನ್ನೂ ಬಿಡದೆ ಎಲ್ಲಕ್ಕೂ ಹಾಕಿದರು. ಪರೀಕ್ಷೆಯಲ್ಲಿ ಖಾಲಿ ಬಿಡಬಾರದಲ್ಲ. ಜಯಸಿಂಹ ಅವರಂತೂ ಪಟ್ಟಿಯಲ್ಲಿಲ್ಲದ ಎರಡನ್ನು ಸೇರಿಸಿದರು.

ಲೋಟ ಎತ್ತಿಡಲು ಬಂದ ಲಕ್ಷ್ಮೀದೇವಮ್ಮ ತಳದಲ್ಲಿ ಉಳಿದ ಎರಡು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ಎರಡೂ ಕೈ ಉಜ್ಜಿ ಮೂಸಿದರು. ಸಂತೆಯಲ್ಲಿ ತುಪ್ಪ ಕೊಳ್ಳುವಾಗ ಕೈಯ ಹಿಂಭಾಗಕ್ಕೆ ಹಚ್ಚಿ ನೋಡುತ್ತಾರಲ್ಲ, ಹಾಗೆ. “ಮಳೇಲಿ ನೆಂದ ಕಂಬ್ಳಿ” ಎಂದರು ನನಗೆ ಮಾತ್ರ ಕೇಳುವಂತೆ. ನಾನು ಪಟ್ಟಿ ನೋಡಿದೆ. ಒದ್ದೆ ಕುರಿಯುಣ್ಣೆ. ಆ ಕೋಣೆಯಲ್ಲಿ ಆ ದಿನ ಬಂದ ಸರಿಯುತ್ತರ ಅದೊಂದೇ.

ದೂರು ತರುವವರ ಬಗ್ಗೆ ಒಂದು ಮಾತು. ಎಲ್ಲರನ್ನೂ ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಬೇಕು. ನನ್ನ ಮೊದಲ ದೂರುದಾರರು ಚಿಂತಾಮಣಿಯ ತರಕಾರಿ ಮಂಡಿಯ ಕೃಷ್ಣಾರೆಡ್ಡಿ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ, ಸತ್ತ ಕೋಳಿಯನ್ನು ಹಿಡಿದಂತೆ ಹಿಡಿದು ತಂದಿದ್ದರು.

“ಏನಮ್ಮಾಯಿ, ಇದು ವಿಸ್ಕೀನಾ, ಆಸ್ಪತ್ರೆ ನೆಲ ಒರ್ಸೋ ನೀರಾ? ಒಂದು ಗುಟುಕು ಕುಡ್ದೆ, ನಮ್ಮತ್ತೆ ಆಪರೇಷನ್ ಜ್ಞಾಪಕ ಬಂತು.”

ನಾನು ವಿವರಿಸಿದೆ. ಅಲ್ಲಿಯ ಜೌಗುನೆಲದ ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ ಸುಡುತ್ತಾರೆ. ಆ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸುತ್ತಾರೆ. ಅದರ ವಾಸನೆ ಇದು. ಇದಕ್ಕಾಗಿಯೇ ಜನ ಹೆಚ್ಚು ಕೊಟ್ಟು ಕೊಳ್ಳುತ್ತಾರೆ.

“ಜನ ಅಂದ್ರೆ ಯಾರು? ತೋರ್ಸು ನೋಡಣ,” ಎಂದರು. “ಇದ್ಕೆ ಯಾಕಮ್ಮಾ ಅಷ್ಟು ಸುರೀಬೇಕು? ಯಾವ್ದಾದ್ರೂ ಆಸ್ಪತ್ರೆ ವರಾಂಡದಲ್ಲಿ ಹೋಗಿ ನಿಂತ್ಕೊಂಡ್ರೆ ಪುಕ್ಸಟ್ಟೆ ಬರ್ತದೆ.”

ಬಾಟಲಿಯಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟೆ. ಅವರು ಅದನ್ನು ಓದಿ, ಮಡಚಿ, ಜೇಬಿಗಿಟ್ಟುಕೊಂಡು, “ನಿನ್ನಲ್ಲೂ ದೋಷ ಇಲ್ಲ ಬಿಡು, ಓದಿದ್ದು ಜಾಸ್ತಿ ಆಗಿದೆ” ಎಂದು ಎದ್ದುಹೋದರು.

ಇನ್ನು ನನ್ನ ಪ್ರಮಾದ. ಬೇರೆಯವರದನ್ನು ಬರೆದ ಮೇಲೆ ಇದನ್ನು ಬಿಡುವುದು ನ್ಯಾಯವಲ್ಲ. ಮೂರನೆಯ ವರ್ಷದ ಚಳಿಗಾಲ. ನಂದಿ ಬೆಟ್ಟದ ಕಡೆಯಿಂದ ಇಳಿಯುವ ಮಂಜು ಗೋದಾಮಿನ ಶೀಟಿನವರೆಗೂ ಬಂದು ಕೂತಿತ್ತು. ಬೆಳಿಗ್ಗೆ ಬಂದು ನೋಡಿದರೆ ಹೊಸದಾಗಿ ಇಳಿದ ಪೆಟ್ಟಿಗೆಗಳ ಬಾಟಲಿಗಳೆಲ್ಲ ಮಸುಕು. ಬಂಗಾರದ ಬಣ್ಣದಲ್ಲಿ ಹಾಲು ಬೆರೆಸಿದಂತೆ. ನಾನು ಎಂ.ಎಸ್ಸಿ. ಅಲ್ಲವೇ? ಕೂಡಲೇ ಇಡೀ ಸರಕನ್ನು ತಡೆಹಿಡಿದೆ, ಲಾರಿಗಳನ್ನು ವಾಪಸು ಕಳಿಸಿದೆ, ‘ಗಂಭೀರ ಕಲಬೆರಕೆಯ ಶಂಕೆ’ ಎಂದು ಸ್ಕಾಟ್ಲೆಂಡಿಗೆ ನಾಲ್ಕು ಪುಟ ಬರೆದೆ.

ನೆಲ ಒರೆಸುತ್ತಿದ್ದ ಲಕ್ಷ್ಮೀದೇವಮ್ಮ, “ಚಳಿಗೆ ಕೊಬ್ರಿ ಎಣ್ಣೆ ಗಟ್ಟಿ ಆಗಲ್ವಾ ಮೇಡಮ್ಮಾ? ಬಿಸಿಲಿಗಿಟ್ಟು ನೋಡ್ಬಾರ್ದಾ?” ಎಂದರು.

“ಇದು ಎಣ್ಣೆ ಅಲ್ಲ ಲಕ್ಷ್ಮೀದೇವಮ್ಮ” ಎಂದೆ, ಪದವಿಪ್ರದಾನದ ಗೌನು ತೊಟ್ಟವರ ದನಿಯಲ್ಲಿ.

ಸ್ಕಾಟ್ಲೆಂಡಿನಿಂದ ಮೂರು ಸಾಲಿನ ಉತ್ತರ ಬಂತು. ಈ ಮಾಲನ್ನು ಶೈತ್ಯದಲ್ಲಿ ಸೋಸಿಲ್ಲ, ಅದರಲ್ಲಿರುವ ಎಣ್ಣೆಯಂಥ ಅಂಶ ಚಳಿಗೆ ಮಸುಕಾಗುತ್ತದೆ, ದಯವಿಟ್ಟು ಬೆಚ್ಚಗಿಡಿ. ಅಷ್ಟು ಹೊತ್ತಿಗೆ ಮಧ್ಯಾಹ್ನದ ಬಿಸಿಲಿಗೆ ಬಾಟಲಿಗಳು ತಾವೇ ತಿಳಿಯಾಗಿ ನನ್ನನ್ನು ನೋಡುತ್ತಿದ್ದವು. ಲಕ್ಷ್ಮೀದೇವಮ್ಮ ಬಕೆಟ್ ಎತ್ತಿಕೊಂಡು ಹೋಗುವಾಗ ಒಂದು ಸಲ ಕೆಮ್ಮಿದರು.

ಅಂದಿನಿಂದ ನಾನು ಜಾಣಳಾದೆ. ಜಾಣತನ ಎಂದರೆ ಹೀಗೆ: ಪ್ರತಿ ಮಾದರಿಯನ್ನೂ ಯಂತ್ರಕ್ಕೆ ಕೊಡುವ ಮೊದಲು ಅವರ ಅಂಗೈಗೆ ಎರಡು ಹನಿ ಬಿಡುತ್ತಿದ್ದೆ. ಅವರು ಉಜ್ಜಿ, ಒಂದು ಸಲ ಮೂಸಿ, ಬೇರೆ ಕೆಲಸ ಮಾಡುತ್ತ, ಸ್ವಲ್ಪ ಆರಿದ ಮೇಲೆ ಇನ್ನೊಂದು ಸಲ, ಪೂರ್ತಿ ಆರಿದ ಮೇಲೆ ಮತ್ತೊಂದು ಸಲ ಮೂಸಿ ಹೇಳುತ್ತಿದ್ದರು. ಮೊದಲು ಬರುವುದು ಸಾರಾಯಿ ವಾಸನೆ, ಅದನ್ನು ನಂಬಬಾರದು; ಆಮೇಲೆ ಹಣ್ಣಿನದು, ಮರದ್ದು; ಎಲ್ಲ ಹಾರಿಹೋದ ಮೇಲೆ ಕೈಯಲ್ಲಿ ಉಳಿಯುವುದೇ ಅದರ ಹುಟ್ಟು ವಾಸನೆ. “ಕೊನೇದು ಬರೋವರ್ಗೂ ಕೈ ತೊಳೀಬಾರ್ದು” ಎನ್ನುತ್ತಿದ್ದರು. ಹಲಸಿನ ತೊಳೆ, ಹಳೇ ಪೆಟ್ಟಿಗೆ, ಬಾಣಂತಿ ಕೋಣೆ, ಹುರಿದ ಮೊಳಕೆ. ಹಳೇ ಪೆಟ್ಟಿಗೆಯನ್ನು ನಾನು ‘ಪಕ್ವಗೊಂಡ ಓಕ್’ ಎಂದೂ ಬಾಣಂತಿ ಕೋಣೆಯನ್ನು ‘ಸೌಮ್ಯ ಧೂಪ ಮತ್ತು ಹೊಗೆ’ ಎಂದೂ ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ನನ್ನ ಸಹಿ ಹಾಕುತ್ತಿದ್ದೆ.

ಆ ವರದಿಗಳು ಹೆಸರು ಮಾಡಿದವು. ‘ಅಸಾಧಾರಣ ಘ್ರಾಣಶಕ್ತಿ’ ಎಂದು ಇಯಾನ್ ಬರೆದಿದ್ದ ಮಿಂಚಂಚೆಯನ್ನು ಜಯಸಿಂಹ ಅಚ್ಚು ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದರು. ಅದರ ಗಾಜನ್ನು ಒರೆಸುತ್ತಿದ್ದವರು ಲಕ್ಷ್ಮೀದೇವಮ್ಮ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಓದಿ ಹೇಳಲೂ ಇಲ್ಲ. ನಡುವೆ ವಿಧಾನಗಳು ಬದಲಾದವು. ಮದ್ಯದಲ್ಲಿ ತೇಲಿಬಿಟ್ಟು ಪ್ರಮಾಣ ಅಳೆಯುವ ಗಾಜಿನ ತೇಲುಕಡ್ಡಿ ಹೋಗಿ ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರ ಬಂತು, ಅಂಕಿಯನ್ನು ತಾನೇ ಮೇಲಕ್ಕೆ ಕಳಿಸುವ ಆಪ್ ಬಂತು. ಯಂತ್ರ ಮದ್ಯದ ಪ್ರಮಾಣ ಹೇಳುತ್ತಿತ್ತು, ಬಣ್ಣ ಹೇಳುತ್ತಿತ್ತು. ಇದು ಯಾವ ಮನೆಯ ಕೂಸು ಎಂದು ಹೇಳುತ್ತಿರಲಿಲ್ಲ. ಅದಕ್ಕೆ ನನ್ನ ‘ಘ್ರಾಣಶಕ್ತಿ’ ಇತ್ತಲ್ಲ.

ಒಂಬತ್ತನೆಯ ವರ್ಷ ಕೃಷ್ಣಾರೆಡ್ಡಿ ಮತ್ತೆ ಬಂದರು. ಈ ಸಲ ಟವೆಲ್ ಇರಲಿಲ್ಲ. ರೇಷ್ಮೆ ಬಟ್ಟೆ ಹಾಸಿದ ಪೆಟ್ಟಿಗೆಯಿತ್ತು. ಒಳಗೆ ನಮ್ಮದೇ ಡಿಸ್ಟಿಲರಿಯ ಹದಿನೆಂಟು ವರ್ಷದ ಮಾಲ್ಟ್, ಸ್ವಲ್ಪ ಕುಡಿದಿದ್ದು.

“ಅಳಿಯ ತಂದಿದ್ದಮ್ಮಾಯಿ. ವಿಮಾನದಲ್ಲಿ ಬಂದೋರ ಕೈಯಿಂದ ತರಿಸ್ದೆ ಅಂತಾನೆ. ಡೂಪ್ಲಿಕೇಟು ಅಂತ ಬರ್ದುಕೊಡು.”

“ಪರೀಕ್ಷೆ ಮಾಡದೆ ಹೇಗೆ ಬರೆಯಲಿ?”

“ಮಾಡಿ ಬರಿ, ಬ್ಯಾಡ ಅಂದೋರ್ಯಾರು? ಒರಿಜಿನಲ್ ಆದ್ರೆ ಅವ್ನು ಇನ್ನೊಂದು ತಿಂಗ್ಳು ನಮ್ಮನೇಲೇ ಕೂತ್ಕೊಂತಾನೆ. ಎಲ್ಲರ ಮುಂದೆ ಮಾವನಿಗೆ ಸ್ಕಾಚ್ ತಂದೆ ಸ್ಕಾಚ್ ತಂದೆ ಅಂತಾನೆ ಇರ್ತಾನೆ.”

ಯಂತ್ರಕ್ಕೆ ಕೊಟ್ಟೆ. ಪ್ರಮಾಣ ಸರಿ, ಬಣ್ಣ ಸರಿ. ಲಕ್ಷ್ಮೀದೇವಮ್ಮನ ಅಂಗೈಗೆ ಬಿಟ್ಟೆ. ಆಗ ಸಂಜೆ ಐದೂಕಾಲು. ಉಜ್ಜಿ ಮೂಸಿ, ಹುಬ್ಬು ಗಂಟಿಕ್ಕಿ, “ಯಾಕೋ ಸರಿ ಇಲ್ಲ ಮೇಡಮ್ಮಾ. ಪೂರ್ತಿ ಆರ್ಲಿ, ನಾಳೆ ಹೇಳ್ತೀನಿ” ಎಂದು ಬಸ್ಸಿಗೆ ಹೊರಟರು. ಹೆಂಗಸರನ್ನು ಶಿಡ್ಲಘಟ್ಟದ ಕಡೆಗೆ ಬಿಡುವ ಕಂಪನಿಯ ಬಸ್ಸು ಐದೂವರೆಗೆ ಗೇಟಿನ ಹೊರಗೆ ನಿಲ್ಲುತ್ತದೆ.

ಗೇಟು ತಲುಪುವ ಹೊತ್ತಿಗೆ ಕೈ ಆರಿತ್ತು. ಅವರು ನಿಂತು ಅಂಗೈಯನ್ನು ಮೂಗಿಗೆ ಒತ್ತಿ ಮೂಸಿದರು. ಎದುರಿಗೆ ಕಾವಲುಗಾರ ಮಂಜುನಾಥ ನಿಂತಿದ್ದ.

“ಏನಮ್ಮೋ, ಬಾಯಿ ಮುಚ್ಕೊಂಡು ಏನ್ ನುಂಗ್ತಿದೀಯಾ? ಕೈ ಕೊಡು ಇಲ್ಲಿ... ಅಬ್ಬಾ! ಘಮ್ ಅಂತಿದೆ! ಲೋಟ ತೊಳ್ಯೋಳು ದಿನಾ ಹಿಂಗೇನಾ?”

ಬಸ್ಸಿನ ಕಿಟಕಿಗಳಲ್ಲಿ ಹನ್ನೆರಡು ಹೆಂಗಸರ ಮುಖವಿತ್ತು. ಆ ಹನ್ನೆರಡು ಮನೆಯಿಂದ ಎಷ್ಟು ಮನೆಗೆ ಸುದ್ದಿ ಹೋಗುತ್ತದೆಂದು ಲೆಕ್ಕ ಹಾಕಲು ಎಂ.ಎಸ್ಸಿ. ಬೇಕಿಲ್ಲ. ಕೆಲಸದ ಹೊತ್ತಿನಲ್ಲಿ ಮದ್ಯ ಸೇವನೆ ಎಂದು ವರದಿಯಾಯಿತು. ಮರುದಿನದಿಂದ ಅವರನ್ನು ಒಳಗೆ ಬಿಡಲಿಲ್ಲ. ಮೂರನೆಯ ದಿನ ವಿಚಾರಣೆ. ಆರೋಪ ನಿಂತರೆ ಗುತ್ತಿಗೆ ರದ್ದು. ದಿನವಿಡೀ ವಿಸ್ಕಿಯ ನಡುವೆ ಬದುಕುವ ಸಂಸ್ಥೆಗೆ ವಿಸ್ಕಿಯ ವಾಸನೆ ಎಂದರೆ ಎಷ್ಟು ಹೇಸಿಗೆ ಎಂಬುದನ್ನು ನಾನು ಆಗಲೇ ಕಂಡಿದ್ದು.

ವಿಚಾರಣೆಗೆ ನನ್ನ ಹೇಳಿಕೆ ಕೇಳಿದರು. ಇಲ್ಲಿ, ಹೊಸದಾಗಿ ಸೇರುವವರು ದಯವಿಟ್ಟು ಗಮನಿಸಬೇಕು. ಸತ್ಯ ಹೇಳಿದರೆ ಲಕ್ಷ್ಮೀದೇವಮ್ಮ ಉಳಿಯುತ್ತಿದ್ದರು. ಆರು ವರ್ಷದ ವರದಿಗಳಲ್ಲಿದ್ದ ಮೂಗು ನನ್ನದಲ್ಲ ಎಂದು ನಾನು ಸಿಕ್ಕಿಬೀಳುತ್ತಿದ್ದೆ. ಅದೇ ವಾರ ಇಯಾನ್ ತಪಾಸಣೆಗೆ ಬಂದಿದ್ದರು ಬೇರೆ. ನಾನು ಬಹಳ ಯೋಚಿಸಿ, ಬಹಳ ಶುದ್ಧವಾದ ಭಾಷೆಯಲ್ಲಿ ಹೀಗೆ ಬರೆದೆ: ‘ಮಾದರಿಗಳ ನಿರ್ವಹಣೆಯ ವೇಳೆ ಆಕಸ್ಮಿಕವಾಗಿ ದ್ರವವು ಕೈಗೆ ಸೋಂಕಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು.’ ನಾನು ಬರೆದ ಎಲ್ಲ ವಾಕ್ಯಗಳಲ್ಲಿ ವ್ಯಾಕರಣದ ದೃಷ್ಟಿಯಿಂದ ಇದು ಅತ್ಯುತ್ತಮವಾದದ್ದು. ಯಾರನ್ನೂ ಉಳಿಸುವುದಿಲ್ಲ, ಯಾರನ್ನೂ ಹಿಡಿದುಕೊಡುವುದಿಲ್ಲ.

ಬೆಂಗಳೂರಿನಿಂದ ವಿಚಾರಣೆಗೆ ಬಂದಿದ್ದ ಅಧಿಕಾರಿ ಅದನ್ನು ಓದಿ, “ಹಾಗಾದರೆ ಕೈಗೆ ತಾಗಿದ್ದನ್ನು ಅವರು ಮೂಸಿದ್ದೇಕೆ?” ಎಂದು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಪರಿಶೀಲಿಸಿ ತಿಳಿಸುತ್ತೇನೆ ಎಂದು ಹೊರಗೆ ಬಂದೆ.

ಮೆಟ್ಟಿಲ ಮೇಲೆ ಲಕ್ಷ್ಮೀದೇವಮ್ಮ ಕೂತಿದ್ದರು. ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದರು. ಅವರ ಸರದಿ ಇನ್ನೂ ಬಂದಿರಲಿಲ್ಲ.

“ಏನು ಬರ್ದ್ರಿ?”

ಹೇಳಿದೆ. ಅವರು ಅದನ್ನು ಮನಸ್ಸಿನಲ್ಲಿ ಒಂದು ಸಲ ಹೇಳಿಕೊಂಡಂತೆ ಕಂಡಿತು.

“ಇರಬೌದು, ಸಾಧ್ಯತೆ, ಆಗದು,” ಎಂದರು. “ಇದ್ರಲ್ಲಿ ನಾನೆಲ್ಲಿದೀನಿ ಮೇಡಮ್ಮಾ?”

ನಾನು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂತೆ.

“ಬಸ್ಸಲ್ಲಿ ನನ್ ಪಕ್ಕ ಕೂತ್ಕೊಳ್ಳಲ್ಲ ಅಂದ್ಳಂತೆ ಆ ಪದ್ಮ. ಅವ್ಳಿಗೆ ಕೆಲ್ಸ ಕೊಡ್ಸಿದ್ದೇ ನಾನು. ನನ್ ಗಂಡ ಕುಡ್ದು ಕುಡ್ದೇ ಹೋದ. ಅವ್ನು ಇರೋಗಂಟ ಆ ವಾಸ್ನೆ ಮೂಗಿಗೆ ಬಿದ್ರೆ ಆಚೆ ಹೋಗಿ ಮಲಗ್ತಿದ್ದೆ. ಹೊಟ್ಟೆಪಾಡಿಗೆ ಅದನ್ನೇ ಮೂಸ್ದೆ. ಮೂಸಿ ಹೇಳ್ದೆ, ನೀವು ಬರ್ಕೊಂಡ್ರಿ. ಬೋರ್ಡಲ್ಲಿ ಹಾಕಿರೋ ಕಾಗ್ದ ಏನು ಅಂತ ನಂಗೆ ಗೊತ್ತಿಲ್ಲ ಅನ್ಕೊಂಡಿದೀರಾ? ನನ್ ಮಗ್ಳು ಫೋಟೋ ತೆಗ್ದು ಓದಿ ಹೇಳಿದ್ಳು ಯಾವತ್ತೋ. ಒಂದು ಮಾತು ಕೇಳಿದ್ನಾ ನಾನು ಇಷ್ಟು ವರ್ಷ?”

“ಇಲ್ಲ.”

“ಈಗ ಕೇಳ್ತಿದೀನಿ.”

ನಾನು ಒಳಗೆ ಹೋಗಿ ಹಾಳೆ ಬದಲಿಸಿದೆ. ಈ ಸಲ ವಾಕ್ಯಗಳು ಚಿಕ್ಕವಾಗಿದ್ದವು. ಹನಿ ಬಿಟ್ಟವಳು ನಾನು. ಉಜ್ಜಿ ಮೂಸುವಂತೆ ಹೇಳಿದವಳು ನಾನು. ಆರು ವರ್ಷದಿಂದ ನನ್ನ ವರದಿಗಳಲ್ಲಿರುವ ವಾಸನೆಯ ವಿವರಗಳು ಲಕ್ಷ್ಮೀದೇವಮ್ಮ ಅವರವು. ನನ್ನ ಮೂಗು ಸಾಧಾರಣದ್ದು.

ಜಯಸಿಂಹ ಅದನ್ನು ಎರಡು ಸಲ ಓದಿದರು. ಮೊದಲ ಬಾರಿಗೆ ಅವರಿಗೆ ಸ್ಕಾಟ್ಲೆಂಡ್ ನೆನಪಾಗಲಿಲ್ಲ. “ಏನಮ್ಮ ಇದು? ಲೋಟ ತೊಳ್ಯೋಳ ಮಾತು ಕೇಳಿ ಸರಕು ಪಾಸ್ ಮಾಡಿದೀವಿ ಅಂತ ಬರ್ದುಕೊಡೋದಾ? ಪಕ್ಕದ ರೂಮಲ್ಲಿ ಅವ್ರು ಕೂತಿದಾರೆ!”

ಪಕ್ಕದ ಕೋಣೆಯ ‘ಅವರು’ ಕೂಗು ಕೇಳಿ ಬಾಗಿಲಲ್ಲಿ ನಿಂತಿದ್ದರು. ಇಯಾನ್‌ಗೆ ವಿಷಯವನ್ನು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೂರು ಲೋಟ ತರಿಸಿದರು. ಎರಡಕ್ಕೆ ತಮ್ಮ ಚೀಲದಲ್ಲಿದ್ದ ಸೀಲು ಒಡೆಯದ ಬಾಟಲಿಗಳಿಂದ ಸುರಿದರು, ಒಂದಕ್ಕೆ ಕೃಷ್ಣಾರೆಡ್ಡಿಯವರ ಬಾಟಲಿಯಿಂದ. ಯಾವುದು ಯಾವುದೆಂದು ನಮಗೂ ಗೊತ್ತಾಗದಂತೆ ಜಾಗ ಬದಲಿಸಿ ಲಕ್ಷ್ಮೀದೇವಮ್ಮನನ್ನು ಕರೆಸಿ, ಒಂದು ಲೋಟವನ್ನು ಅವರ ಮುಂದೆ ಹಿಡಿದರು.

ಲಕ್ಷ್ಮೀದೇವಮ್ಮ ಹಿಂದೆ ಸರಿದರು. “ಮೂಗು ಒಳಗಿಟ್ರೆ ಎಂಜಲಾಗಲ್ವಾ ಲೋಟ? ಕೈಗೆ ಹಾಕ್ಲಿ ಅನ್ನಿ.”

ಹಾಕಿದರು. ಅವರು ಉಜ್ಜಿದರು. ಮೂಸಲಿಲ್ಲ. ಕೈಗಳನ್ನು ಮುಂದೆ ಚಾಚಿ ನಿಂತರು.

“ಹೇಳಮ್ಮ” ಎಂದರು ಜಯಸಿಂಹ.

“ತಡೀರಿ ಸಾರ್, ಆರ್ಬೇಕು.”

ಬೆಂಗಳೂರಿನ ಅಧಿಕಾರಿ, ಮ್ಯಾನೇಜರ್, ಸ್ಕಾಟ್ಲೆಂಡಿನ ತಜ್ಞ, ಗುಣಮಟ್ಟ ಅಧಿಕಾರಿ, ಸಾಕ್ಷಿಗೆಂದು ಕರೆಸಿದ್ದ ಮಂಜುನಾಥ, ಇಷ್ಟೂ ಜನ ಒಬ್ಬ ಹೆಂಗಸಿನ ಕೈ ಆರುವುದನ್ನು ನೋಡುತ್ತ ನಿಂತೆವು. ಫ್ಯಾನ್ ಹಾಕಲು ಹೋದ ಮಂಜುನಾಥನನ್ನು ಅವರು ಕಣ್ಣಲ್ಲೇ ತಡೆದರು. ಒಂದೊಂದು ಲೋಟಕ್ಕೂ ಕೈ ತೊಳೆದು ಒರೆಸಿಕೊಂಡು ಮತ್ತೆ ಅಷ್ಟೇ ಹೊತ್ತು. ಆ ಸಂಸ್ಥೆಯಲ್ಲಿ ನಾನು ಕಂಡ ಅತ್ಯಂತ ಶಿಸ್ತಿನ ಸಭೆ ಅದು.

“ಇವೆರಡು ಒಂದೇ ಮನೇವು,” ಎಂದರು ಕೊನೆಗೆ. “ಹುರಿದ ಮೊಳ್ಕೆ ವಾಸ್ನೆ ಉಳಿದಿದೆ. ಇದು ವಯಸ್ಸಾಗಿರೋದು, ಹಳೇ ಪೆಟ್ಟಿಗೆ ಬಾಗ್ಲು ತೆಗ್ದಂಗಿದೆ. ಅದು ಇದ್ರ ತಮ್ಮ. ನಡುವಿಂದು ಅವತ್ತಿಂದೇ, ಕೃಷ್ಣಾರೆಡ್ಡಿಯೋರ್ದು. ಇದ್ರಲ್ಲಿ ಕಾಳಿಲ್ಲ. ಆಲೆಮನೆ ಬೆಲ್ಲದ ವಾಸ್ನೆ. ಗೇಟ್ ಹತ್ರ ಬಂದಿದ್ದೂ ಇದೇಯ.”

ಕಬ್ಬಿನ ಕಾಕಂಬಿಯಿಂದ ಮಾಡಿದ ಸ್ಥಳೀಯ ಮದ್ಯವನ್ನು ಖಾಲಿ ಬಾಟಲಿಗೆ ತುಂಬಿದ್ದು. ನಾನು ಭಾಷಾಂತರಿಸಿದೆ, ಈ ಸಲ ಬೆಲ್ಲವನ್ನು ಬೆಲ್ಲವೆಂದೇ. ಇಯಾನ್ ಲೋಟದ ಕೆಳಗೆ ಅಂಟಿಸಿದ್ದ ಚೀಟಿಗಳನ್ನು ತಿರುಗಿಸಿ ತೋರಿಸಿದರು. ಮೂರೂ ಸರಿ. ಅಂಗೈಯಲ್ಲಿ ಉಜ್ಜಿ ಮೂಸುವುದು ತಮ್ಮಲ್ಲೂ ಇರುವ ಹಳೆಯ ಪದ್ಧತಿ, ಈಗ ತಾಳ್ಮೆಯಿರುವವರು ಕಡಿಮೆ ಎಂದರು.

“ಹೌದು ಹೌದು,” ಎಂದರು ಜಯಸಿಂಹ. “ನಾನು ಸ್ಕಾಟ್ಲೆಂಡಲ್ಲಿದ್ದಾಗ ನೋಡಿದ್ದೆ.”

ಬೆಳಿಗ್ಗೆ ಕುಡುಕತನವಾಗಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ತಂತ್ರಜ್ಞಾನವಾಯಿತು. ಆರೋಪ ಹಿಂತೆಗೆದುಕೊಂಡ ಬಗ್ಗೆ ಮೊಹರು ಹಾಕಿದ ಕಾಗದ ಸಿದ್ಧವಾಯಿತು. ಲಕ್ಷ್ಮೀದೇವಮ್ಮ ಅದನ್ನು ಮುಟ್ಟಲಿಲ್ಲ.

“ನಂಗೆ ಬ್ಯಾಡ ಸಾರ್. ಬಸ್ಸಲ್ಲಿ ಓದಿ.”

“ಏನಮ್ಮ?”

“ಮಾನ ಹೋಗಿದ್ದು ಬಸ್ಸಲ್ಲಿ. ಕಾಗ್ದ ಅಲ್ಲೇ ಓದಿ.”

ಐದೂವರೆಗೆ ಜಯಸಿಂಹ, ಕುತ್ತಿಗೆಗೆ ಟೈ ಇದ್ದಂತೆಯೇ, ಬಸ್ಸು ಹತ್ತಿ ಓದಿದರು. ಎಂಜಿನ್ ಶಬ್ದದಲ್ಲಿ ಹಿಂದಿನ ಸೀಟಿನವರಿಗೆ ಕೇಳಲಿಲ್ಲವೆಂದು ಲಕ್ಷ್ಮೀದೇವಮ್ಮ ಎಂಜಿನ್ ನಿಲ್ಲಿಸಿ ಇನ್ನೊಂದು ಸಲ ಓದಿಸಿದರು. ಪದ್ಮ ಸರಿದು ಕೂತು ಜಾಗ ಮಾಡಿದಳು. ಲಕ್ಷ್ಮೀದೇವಮ್ಮ ಬೇರೆ ಸೀಟಿನಲ್ಲಿ ಕೂತರು.

ಕೃಷ್ಣಾರೆಡ್ಡಿಯವರಿಗೆ ವರದಿ ಕೊಟ್ಟಾಗ ಅವರು ಕಣ್ಣಿಗೊತ್ತಿಕೊಂಡರು. ಅಳಿಯ ಮರುದಿನವೇ ಊರಿಗೆ ಹೋದನಂತೆ. ನನ್ನ ಸೇವಾವಧಿಯಲ್ಲಿ ಗ್ರಾಹಕರೊಬ್ಬರು ಪೂರ್ತಿ ತೃಪ್ತರಾದ ಪ್ರಕರಣ ಇದೊಂದೇ.

ನನ್ನ ಕಥೆ ಬೇಗ ಮುಗಿಯುತ್ತದೆ. ‘ಅಂಗೈ ಪರೀಕ್ಷೆ’ಗೆ ಒಂದು ನಿಯಮಾವಳಿ ಬಂತು; ಸಿದ್ಧಪಡಿಸಿದವರು ಎಂಬಲ್ಲಿ ಜಯಸಿಂಹರ ಹೆಸರಿತ್ತು. ವರದಿಗಳಲ್ಲಿ ಪರೀಕ್ಷಿಸಿದವರು ಎಂಬ ಜಾಗದಲ್ಲಿ ನಾನು ಲಕ್ಷ್ಮೀದೇವಮ್ಮ ಎಂದು ಬರೆದು ಕಳಿಸಿದೆ. ಪದವಿ ಇಲ್ಲದವರ ಹೆಸರು ಬರುವಂತಿಲ್ಲ ಎಂದು ವಾಪಸು ಬಂತು. ಮತ್ತೆ ಹಾಗೇ ಕಳಿಸಿದೆ. ಮತ್ತೆ ಬಂತು. ಎರಡು ತಿಂಗಳು ಆ ಹಾಳೆಗಳು ಜಯಸಿಂಹರ ಮೇಜಿಗೂ ನನ್ನ ಮೇಜಿಗೂ ನಡುವೆ ಓಡಾಡಿದವು. “ನೀನು ಸಹಿ ಹಾಕು, ಇಲ್ಲಾ ಜಾಗ ಬಿಡು” ಎಂದರು. ಬಿಟ್ಟೆ. ಬೇರೆ ಕಾರಣಗಳೂ ಇದ್ದವು, ಅವು ನನ್ನವು. ಲಕ್ಷ್ಮೀದೇವಮ್ಮ ಇನ್ನೂ ಅಲ್ಲೇ ಇದ್ದಾರೆ, ಗುತ್ತಿಗೆಯ ಮೇಲೆ. ಇನ್ನು ಮೇಲೆ ಅವರು ಹೇಳಿದ್ದನ್ನು ಹೊಸ ಹುಡುಗಿ ಬರೆದುಕೊಳ್ಳುತ್ತಾಳೆ. ಕೆಳಗೆ ಯಾರ ಹೆಸರು ಹಾಕುತ್ತಾಳೋ ಅವಳು ನೋಡಿಕೊಳ್ಳಬೇಕು. ನಾನು ಆರು ವರ್ಷ ಏನು ಮಾಡಿದೆನೆಂದು ಮೇಲೆ ಬರೆದಿದ್ದೇನೆ.

ಕೊನೆಯ ದಿನ, ಶಾಲು, ಹಾರ, ಗಡಿಯಾರ ಎಲ್ಲ ಆದ ಮೇಲೆ, ಮಾದರಿ ಕೋಣೆಗೆ ಹೋಗಿ ನನ್ನ ಅಂಗೈ ಚಾಚಿದೆ. ಲಕ್ಷ್ಮೀದೇವಮ್ಮ ಬಾಟಲಿಯಿಂದ ಎರಡು ಹನಿ ಬಿಟ್ಟರು. ಉಜ್ಜಿಕೊಂಡೆ. ಇಬ್ಬರೂ ಗೇಟಿನವರೆಗೆ ನಡೆದೆವು. ಸಾರಾಯಿಯ ವಾಸನೆ ಅಂಗಳ ದಾಟುವವರೆಗೂ ಇತ್ತು. ಗೇಟಿನ ಬಳಿ ಹಣ್ಣಿನದು, ಮರದ್ದು ನನ್ನ ಸುತ್ತ ಇನ್ನೂ ಘಮ್ಮೆನ್ನುತ್ತಿತ್ತು. ಮಂಜುನಾಥ ಸೆಲ್ಯೂಟ್ ಹೊಡೆದು ಎರಡೂ ಬಾಗಿಲು ತೆರೆದ. “ಬನ್ನಿ ಮೇಡಂ, ಹುಷಾರು” ಎಂದ. ಅವನ ಮೂಗಿಗೆ ಏನೂ ತಾಗಲಿಲ್ಲ. ನನ್ನ ಕೈಯನ್ನು ಕೇಳಲಿಲ್ಲ.

ಲಕ್ಷ್ಮೀದೇವಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

“ಬಂತಾ?”

ನಾನು ಅಂಗೈಯನ್ನು ಮೂಗಿಗೆ ಒತ್ತಿಕೊಂಡೆ. “ಇನ್ನೂ ಇಲ್ಲ.”

“ಆರ್ಲಿ,” ಎಂದರು. “ತೊಳೀಬೇಡಿ.”